ಆಳದೇ ಸತ್ತ ಗವರ್ನರ್

ಮುಂಬಯಿಯ ಇಂಗ್ಲಿಷ್ ಗವರ್ನರರ ಪಟ್ಟಿಯನ್ನು ತೆರೆದರೆ ಮೊದಲ ಸಾಲಿನಲ್ಲಿ ಸಿಗುವ ಹೆಸರು ಸರ್ ಅಬ್ರಹಾಂ ಶಿಪ್‌ಮನ್. ಹೆಸರಿನ ಮುಂದೆ 1662ರಿಂದ 1664 ಎಂಬ ಇಸವಿಗಳೂ ಇರುತ್ತವೆ. ಓದಿದವರು ಈ ಮನುಷ್ಯ ಎರಡು ವರ್ಷ ಮುಂಬಯಿಯನ್ನು ಆಳಿದ ಎಂದೇ ತಿಳಿಯುತ್ತಾರೆ. ಆತ ಒಂದು ದಿನವೂ ಆಳಲಿಲ್ಲ. ಆ ಎರಡು ವರ್ಷಗಳಲ್ಲಿ ಹೆಚ್ಚಿನ ಕಾಲ ಅವನು ಇದ್ದದ್ದು ಮುಂಬಯಿಯಲ್ಲೂ ಅಲ್ಲ. ಕಾರವಾರದ ಬಿಣಗಾದ ದಂಡೆಯಲ್ಲಿ ನಿಂತರೆ ಕಣ್ಣಿಗೆ ಬೀಳುವ ಅಂಜುದೀವ ದ್ವೀಪದಲ್ಲಿ. 1664ರ ಏಪ್ರಿಲ್‌ನಲ್ಲಿ ಅವನು ಸತ್ತದ್ದೂ ಅಲ್ಲಿಯೇ. ಅವನ ಜೊತೆ ಬಂದ ಸುಮಾರು ನಾನೂರು ಸೈನಿಕರಲ್ಲಿ ಮುಂಬಯಿಯನ್ನು ಮುಟ್ಟಿದವರು ನೂರರ ಆಸುಪಾಸು.

ಈ ಕಥೆಯನ್ನು ಮುಂಬಯಿಯ ಚರಿತ್ರೆ ಬರೆದವರೆಲ್ಲ ಹೇಳಿದ್ದಾರೆ. ಹೆಚ್ಚಿನವರು ಒಂದು ಪ್ಯಾರಾದಲ್ಲಿ ಹೇಳಿ ಮುಗಿಸಿದ್ದಾರೆ, ಯಾಕೆಂದರೆ ಅವರಿಗೆ ಮುಂಬಯಿಯನ್ನು ಮುಟ್ಟುವ ಅವಸರ. ನನ್ನ ತಕರಾರು ಅವರ ಮೇಲೆ ಅಷ್ಟಾಗಿ ಇಲ್ಲ. ಉತ್ತರ ಕನ್ನಡದ ಕರಾವಳಿಯ ಬಗ್ಗೆ ಸಂಶೋಧನೆ ಮಾಡುವ ನಾವು, ಅಂದರೆ ಕನ್ನಡದಲ್ಲಿ ಬರೆಯುವ ನಾವು, ಆ ಪ್ಯಾರಾವನ್ನು ಹಾಗೆಯೇ ಎತ್ತಿಟ್ಟುಕೊಂಡಿದ್ದೇವಲ್ಲ, ಅದರ ಮೇಲಿದೆ ನನ್ನ ಸಿಟ್ಟು. ಆ ಪ್ಯಾರಾದಲ್ಲಿ ಮೂರು ಮಾತುಗಳಿವೆ. ಒಂದು, ಶಿಪ್‌ಮನ್ ಗವರ್ನರ್ ಆಗಿದ್ದ. ಎರಡು, ಅವನನ್ನೂ ಅವನ ಜನರನ್ನೂ ಅಂಜುದೀವದ ಕೆಟ್ಟ ಹವೆ ಕೊಂದಿತು. ಮೂರು, ಇದು ಮುಂಬಯಿಯ, ಹೆಚ್ಚೆಂದರೆ ಗೋವೆಯ ಕಥೆ; ನಮ್ಮದಲ್ಲ. ಈ ಮೂರೂ ತಪ್ಪು ಎಂದು ಹೇಳುವುದಕ್ಕೇ ಈ ಬರಹ.

ಮೊದಲು ನಡೆದದ್ದೇನು ಎಂದು ನೋಡೋಣ. 1661ರ ಜೂನ್ 23ರಂದು ಇಂಗ್ಲೆಂಡಿಗೂ ಪೋರ್ಚುಗಲ್ಲಿಗೂ ಒಂದು ಒಪ್ಪಂದವಾಯಿತು. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ಗೆ ಕೊಟ್ಟು ಮದುವೆ ಮಾಡುವುದು, ಬಳುವಳಿಯಾಗಿ ದೊಡ್ಡ ಮೊತ್ತದ ಹಣ, ಆಫ್ರಿಕದ ಟ್ಯಾಂಜಿಯರ್ ಮತ್ತು ಮುಂಬಯಿ ದ್ವೀಪವನ್ನು ಕೊಡುವುದು ಎಂದು ಮಾತಾಯಿತು. ಬದಲಿಗೆ ಇಂಗ್ಲೆಂಡ್ ಡಚ್ಚರ ವಿರುದ್ಧ ಪೋರ್ಚುಗೀಸರಿಗೆ ಬೆಂಬಲವಾಗಿ ನಿಲ್ಲಬೇಕು. ಲಿಸ್ಬನ್ನಿನ ಅರಮನೆಗೆ ಇದು ಲಾಭದ ವ್ಯವಹಾರ. ಗೋವೆಯಲ್ಲಿದ್ದ ಪೋರ್ಚುಗೀಸರಿಗೆ, ಅದರಲ್ಲೂ ಮುಂಬಯಿಯಲ್ಲಿ ಜಮೀನು ಮಾಡಿಕೊಂಡು ಕುಳಿತವರಿಗೆ, ತಮ್ಮ ಮನೆಯನ್ನು ಬೇರೊಬ್ಬರ ಮದುವೆಯಲ್ಲಿ ಉಡುಗೊರೆ ಕೊಟ್ಟಂತೆ.

1662ರಲ್ಲಿ ಮಾರ್ಲ್‌ಬರೋದ ಅರ್ಲ್ ಜೇಮ್ಸ್ ಲೇ ಐದು ಯುದ್ಧನೌಕೆಗಳ ಪಡೆಯೊಂದಿಗೆ ಹೊರಟ. ಅದರಲ್ಲಿ ಶಿಪ್‌ಮನ್ ಇದ್ದ, ಅವನ ಸೈನಿಕರಿದ್ದರು. ಗೋವೆಗೆ ಹೊಸದಾಗಿ ನೇಮಕವಾದ ಅಂತೋನಿಯೊ ದೆ ಮೆಲೊ ದೆ ಕಾಸ್ತ್ರೊ ಕೂಡ ಅದೇ ಇಂಗ್ಲಿಷ್ ಹಡಗುಪಡೆಯಲ್ಲಿ ಬಂದ. ಕೊಡುವವನೂ ತೆಗೆದುಕೊಳ್ಳುವವನೂ ಒಟ್ಟಿಗೇ ಸಮುದ್ರ ದಾಟಿ ಸೆಪ್ಟೆಂಬರಿನಲ್ಲಿ ಮುಂಬಯಿಗೆ ಬಂದರು. ಬಂದ ಮೇಲೆ ಕೊಡುವವನು ಕೊಡಲಿಲ್ಲ. ಇಂಗ್ಲಿಷರು ಮುಂಬಯಿ ಎಂದರೆ ಸಾಲ್ಸೆಟ್, ಠಾಣೆ ಎಲ್ಲ ಸೇರಿದ್ದು ಎಂದರು. ಪೋರ್ಚುಗೀಸರು ಮುಂಬಯಿ ಎಂದರೆ ಮುಂಬಯಿ ದ್ವೀಪವಷ್ಟೇ ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಶಿಪ್‌ಮನ್ ತಂದ ಅಧಿಕಾರಪತ್ರ ಇರಬೇಕಾದ ರೀತಿಯಲ್ಲಿಲ್ಲ, ಸರಿಯಾದ ಪತ್ರ ಬರುವವರೆಗೆ ಒಂದು ಮೊಳ ನೆಲವನ್ನೂ ಕೊಡಲಾಗದು ಎಂಬ ಆಕ್ಷೇಪ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮುಂದಿನ ಬಾಗಿಲು ಸೂರತ್. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಇತ್ತು, ಅದರ ಅಧ್ಯಕ್ಷ ಸರ್ ಜಾರ್ಜ್ ಆಕ್ಸೆಂಡೆನ್. ಆದರೆ ದೊರೆಯ ಸೈನಿಕರು ಸೂರತ್ತಿನ ಹತ್ತಿರ ಇಳಿದರೆ ಅಲ್ಲಿಯ ಮೊಗಲ್ ಅಧಿಕಾರಿ ಕೋಠಿಯನ್ನೇ ವಶಪಡಿಸಿಕೊಳ್ಳುವ ಭಯ. ತಮ್ಮದೇ ದೊರೆಯ ಸೈನಿಕರನ್ನು ಕಂಪನಿಯವರು ಬೇಗ ಇಲ್ಲಿಂದ ಹೊರಡಿ ಎಂದರು. ಮಾರ್ಲ್‌ಬರೋ ತನ್ನ ಹಡಗುಗಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ವಾಪಸಾದ. ಶಿಪ್‌ಮನ್ ಮತ್ತು ಅವನ ಜನ ಉಳಿದರು. ಮುಂಬಯಿ ಇಲ್ಲ, ಸೂರತ್ ಇಲ್ಲ, ಗೋವೆ ಇಲ್ಲ. ಯಾರೂ ಬೇಡ ಎನ್ನದ ಜಾಗವೊಂದಿತ್ತು, ಆಗ ಯಾರ ಕೋಟೆಯೂ ಇಲ್ಲದಿದ್ದ ಅಂಜುದೀವ. ಅಲ್ಲಿ ಇಳಿದರು.

ದ್ವೀಪದಲ್ಲಿ ಕೂತ ಶಿಪ್‌ಮನ್ ಸುಮ್ಮನಿರಲಿಲ್ಲ. ಕಾಗದ ಬರೆದ. ಮುಂಬಯಿಯ ಮೇಲೆ ದೊರೆಗಿರುವ ಹಕ್ಕನ್ನು ಕಂಪನಿಯೇ ತೆಗೆದುಕೊಳ್ಳಲಿ ಎಂದು ಸೂರತ್ತಿಗೆ ಹೇಳಿ ನೋಡಿದ. ದೊರೆಯ ಅಪ್ಪಣೆಯಿಲ್ಲದೆ ಆಗದು ಎಂಬ ಉತ್ತರ ಬಂತು. ದೊರೆಯ ಅಪ್ಪಣೆ ಬರಬೇಕಾದರೆ ಹಡಗು ಲಂಡನ್ನಿಗೆ ಹೋಗಿ ಬರಬೇಕು. ಗಾಳಿ ಕೂಡಿಬಂದರೂ ಹೋಗಲು ಅರ್ಧ ವರ್ಷ, ಬರಲು ಅರ್ಧ ವರ್ಷ. ನಡುವೆ 1663ರ ಮಳೆಗಾಲ ಕಳೆಯಿತು. 1664ರ ಏಪ್ರಿಲ್‌ನಲ್ಲಿ ಶಿಪ್‌ಮನ್ ಉಯಿಲು ಬರೆದು ತನ್ನ ಕಾರ್ಯದರ್ಶಿ ಹಂಫ್ರಿ ಕುಕ್‌ನನ್ನು ಉತ್ತರಾಧಿಕಾರಿ ಎಂದು ಹೆಸರಿಸಿ ಕಣ್ಣುಮುಚ್ಚಿದ. ಆಮೇಲೆ ಬಂದದ್ದು ಎರಡನೆಯ ಮಳೆಗಾಲ. ಸಾವುಗಳ ದೊಡ್ಡ ಪಾಲು ಬಿದ್ದದ್ದು ಆ ವರ್ಷದಲ್ಲಿ.

ಲಿಸ್ಬನ್ನಿನಿಂದ ಕೊನೆಗೂ ಖಚಿತವಾದ ಆಜ್ಞೆ ಬಂತು. ಅದು ಬಂದದ್ದು ಸತ್ತವನ ಹೆಸರಿಗೆ! ಆದ್ದರಿಂದ ಇನ್ನೊಂದು ಸುತ್ತಿನ ವಿಚಾರಣೆ ನಡೆಯಿತು. ಸತ್ತವನ ಉಯಿಲು ಸರಿಯೇ, ಕುಕ್‌ಗೆ ಪಡೆದುಕೊಳ್ಳುವ ಅಧಿಕಾರವಿದೆಯೇ ಎಂಬ ಪ್ರಶ್ನೆಯನ್ನು ಗೋವೆಯಲ್ಲಿ ತೂಗಿ ನೋಡಿದರು. 1665ರ ಜನವರಿ 14ರಂದು ಕುಕ್ ಪೋರ್ಚುಗೀಸರು ಹಾಕಿದ ಷರತ್ತುಗಳಿಗೆಲ್ಲ ಒಪ್ಪಿ ಸಹಿ ಮಾಡಿದ. ಫೆಬ್ರವರಿಯಲ್ಲಿ ಉಳಿದ ನೂರರಷ್ಟು ಜನರೊಂದಿಗೆ ಮುಂಬಯಿಯನ್ನು ವಶಕ್ಕೆ ತೆಗೆದುಕೊಂಡ. ಇಷ್ಟು ಬಿಟ್ಟುಕೊಟ್ಟು ಸಹಿ ಮಾಡಿದ್ದಕ್ಕೆ ಲಂಡನ್ ಅವನನ್ನು ಹೊಗಳಲಿಲ್ಲ. ಆ ಕರಾರನ್ನೇ ತಳ್ಳಿಹಾಕಿತು. 1666ರಲ್ಲಿ ಬಂದ ಹೊಸ ಗವರ್ನರ್ ಸರ್ ಜರ್ವಾಸ್ ಲ್ಯೂಕಸ್, ಕುಕ್‌ನನ್ನು ಹಣದ ಅವ್ಯವಹಾರದ ಆರೋಪದ ಮೇಲೆ ಸೆರೆಗೆ ಹಾಕಿದ. 1668ರ ಮಾರ್ಚ್ 27ರ ಸನದಿನಲ್ಲಿ ಚಾರ್ಲ್ಸ್ ಆ ದ್ವೀಪವನ್ನು ಕಂಪನಿಗೆ ವಹಿಸಿದ, ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ. ನಾನೂರು ಜನರನ್ನು ಕಳಿಸಿ ಮುನ್ನೂರು ಜನರನ್ನು ಕಳೆದುಕೊಂಡು ಪಡೆದದ್ದನ್ನು ಮೂರೇ ವರ್ಷಕ್ಕೆ ಹತ್ತು ಪೌಂಡಿಗೆ ಕೊಟ್ಟುಬಿಟ್ಟ.

ಈಗ ನನ್ನ ಮೊದಲ ತಕರಾರು. ಶಿಪ್‌ಮನ್ ಗವರ್ನರ್ ಆಗಿದ್ದ ಎಂಬ ಮಾತು ಯಾಕೆ ತಪ್ಪು? ನೇಮಕಾತಿಯ ಪತ್ರವಿತ್ತು, ಸಂಬಳದ ಮಾತಿತ್ತು, ಹುದ್ದೆಯ ಹೆಸರಿತ್ತು. ಆಳಲು ನೆಲವಿರಲಿಲ್ಲ. ಪಟ್ಟಿಗಳಿಗೆ ಈ ವ್ಯತ್ಯಾಸ ಬೇಕಾಗಿಲ್ಲ. ಯಾರ ಆಡಳಿತದ ಪಟ್ಟಿಯಾದರೂ ಮೊದಲ ದಿನದಿಂದಲೇ ಸರಾಗವಾಗಿ ಶುರುವಾದಂತೆ ಕಾಣಬೇಕು. ನಡುವೆ ತೂತು ಇರಬಾರದು. ಅದಕ್ಕೇ ಶಿಪ್‌ಮನ್ ಎಂಬ ಹೆಸರನ್ನು ಆ ತೂತಿಗೆ ತೇಪೆ ಹಾಕಲು ಬಳಸಿದ್ದಾರೆ. ತೇಪೆಯನ್ನು ಕಿತ್ತರೆ ಒಳಗೆ ಕಾಣುವುದು ಒಂದು ಸಾಮ್ರಾಜ್ಯದ ಆರಂಭವಲ್ಲ. ಮೂರು ರಾಜಧಾನಿಗಳ ಗುಮಾಸ್ತರು ಒಬ್ಬರ ಕಾಗದವನ್ನು ಇನ್ನೊಬ್ಬರು ತಿರಸ್ಕರಿಸುತ್ತಿದ್ದಾಗ ನಮ್ಮ ಕಡಲಿನ ಒಂದು ಬಂಡೆಯ ಮೇಲೆ ಜ್ವರ ಬಂದು ಮಲಗಿದ್ದ ಮನುಷ್ಯರು.

ಎರಡನೆಯ ತಕರಾರು ಹವೆಯದು. ಇಂಗ್ಲಿಷ್ ಬರಹಗಳಲ್ಲಿ ಅಂಜುದೀವಕ್ಕೆ ಅಂಟಿಕೊಂಡ ವಿಶೇಷಣ ಒಂದೇ, ಅನಾರೋಗ್ಯಕರ ದ್ವೀಪ. ನಮ್ಮ ಕನ್ನಡ ಪುಸ್ತಕಗಳಲ್ಲೂ ಅದು ‘ರೋಗದ ದ್ವೀಪ’, ‘ಕೆಟ್ಟ ಹವೆಯ ದ್ವೀಪ’ ಎಂದು ಇಳಿದು ಬಂದಿದೆ. ಕಾರವಾರ, ಅಂಕೋಲೆಯಲ್ಲಿ ಹುಟ್ಟಿ ಅದೇ ಹವೆ ಉಸಿರಾಡಿದವರೂ ಹೀಗೇ ಬರೆಯುತ್ತೇವೆ ಎಂಬುದು ವಿಚಿತ್ರ.

ಆ ದ್ವೀಪದ ಹಿಂದಿನ ಮತ್ತು ಮುಂದಿನ ಕಥೆ ನೋಡಿ. 1498ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ವಾಸ್ಕೋ ಡ ಗಾಮ ತನ್ನ ಹಡಗುಗಳನ್ನು ದುರಸ್ತಿ ಮಾಡಲು, ನೀರು ತುಂಬಿಕೊಳ್ಳಲು ಹುಡುಕಿಕೊಂಡದ್ದು ಇದೇ ಅಂಜುದೀವ. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದೆ ಅಲ್ಮೈದ ಇಲ್ಲಿ ಕೋಟೆ ಕಟ್ಟಿಸಿದ. ಮರುವರ್ಷವೇ ಅದನ್ನು ಕೆಡವಿ ಹೋದದ್ದು ನಿಜ. ಆದರೆ ಅಲ್ಲಿ ಮೇಲಿಂದ ಮೇಲೆ ಬಂದ ದಾಳಿಯೂ ಆ ಲೆಕ್ಕದಲ್ಲಿತ್ತು. 1682ರಲ್ಲಿ ಪೋರ್ಚುಗೀಸರು ಮತ್ತೆ ಬಂದು ಕೋಟೆ ಕಟ್ಟಿದರು. ಆಮೇಲೆ 1961ರ ಡಿಸೆಂಬರ್‌ವರೆಗೆ, ಅಂದರೆ 279 ವರ್ಷ, ಅಲ್ಲಿಂದ ಕದಲಲಿಲ್ಲ. ಅಲ್ಲಿಯ ಚರ್ಚಿನ ಹೆಸರು ನೊಸ್ಸ ಸೆನ್ಯೋರ ದಾಸ್ ಬ್ರೋತಾಸ್. ಚಿಲುಮೆಗಳ ಮಾತೆ ಎಂದು ಅರ್ಥ. ಸಮುದ್ರದ ನಡುವೆ ಸಿಹಿನೀರು ಸಿಗುವ ಜಾಗಕ್ಕೆ ಜನ ಕೊಡುವ ಹೆಸರು ಅದು.

ಬೆಲೇಕೇರಿಯ ಹಿರಿಯ ಮೀನುಗಾರರೊಬ್ಬರ ಹತ್ತಿರ ಇದರ ಬಗ್ಗೆ ಕೇಳಿದ್ದೆ. ಅವರು ಬಲೆಯಿಂದ ತಲೆಯೆತ್ತದೇ ಹೇಳಿದರು: “ತಂಗೀ, ಗಾಳಿ ಎದ್ದ ಹೊತ್ತಿಗೆ ಅದ್ರ ಮರೆಗೆ ಹೋಗಿ ನಿಲ್ಲೂದಾಗಿತ್ತು. ಕುಡಿಯೂಕೆ ನೀರೂ ಇತ್ತು. ಕೆಟ್ಟ ಜಾಗ ಅಂದವ್ರು ಯಾರು?” ಗಾಳಿಗೆ ಮರೆ, ಕುಡಿಯಲು ನೀರು. ಕಡಲಿನವರ ಲೆಕ್ಕದಲ್ಲಿ ಒಳ್ಳೆಯ ಜಾಗ ಎಂದರೆ ಇವೆರಡೇ.

ಹಾಗಾದರೆ ಜ್ವರ, ಭೇದಿಗಳಿಂದ ಜನ ಸಾಯಲಿಲ್ಲವೇ ಎಂದು ನೀವು ಕೇಳಬಹುದು. ಸತ್ತರು. ಆ ಕಾಲದಲ್ಲಿ ಯುರೋಪಿನಿಂದ ಹೊಸದಾಗಿ ಬಂದವರು ಮುಂಬಯಿಯಲ್ಲೂ ಗುಂಪುಗುಂಪಾಗಿ ಸಾಯುತ್ತಿದ್ದರು. ಎರಡು ಮಳೆಗಾಲವೇ ಮನುಷ್ಯನ ಆಯುಷ್ಯ ಎಂಬ ಮಾತು ಹುಟ್ಟಿದ್ದು ಅಲ್ಲಿಯೇ. ಆದರೂ ಯಾರೂ ಮುಂಬಯಿಯನ್ನು ‘ಕೆಟ್ಟ ದ್ವೀಪ’ ಎಂದು ಒಂದು ಸಾಲಿನಲ್ಲಿ ಮುಗಿಸಲಿಲ್ಲ. ರೋಗ ಇತ್ತು ಎನ್ನುವುದು ಒಂದು ಮಾತು. ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು ಸೊರಗಿದ ನಾನೂರು ಜನರನ್ನು ಊರಿಲ್ಲದ, ಕೋಟೆಯಿಲ್ಲದ ಜಾಗದಲ್ಲಿ ಇಳಿಸಿ, ನಮ್ಮ ಆಷಾಢದ ಮಳೆಗೆ ಎರಡು ಸಲ ಒಡ್ಡಿದ್ದು ಇನ್ನೊಂದು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಈ ಕಡಲಿಗೆ ದೋಣಿ ಇಳಿಸುವುದಿಲ್ಲ ಎಂಬುದು ಹರಿಕಂತ್ರರ, ಖಾರ್ವಿಗಳ ಮನೆಯ ಮಕ್ಕಳಿಗೂ ಗೊತ್ತು. ಆ ಮೂರು ತಿಂಗಳು ದ್ವೀಪದಲ್ಲಿದ್ದವನಿಗೆ ದಡದ ಅಕ್ಕಿ ಕಣ್ಣಿಗೆ ಕಂಡರೂ ಕೈಗೆ ಸಿಗುವುದಿಲ್ಲ. ಅದೇ ಹೊತ್ತಿನಲ್ಲಿ ಇಂಗ್ಲಿಷರ ಮೆಣಸಿನ ವ್ಯಾಪಾರ ಕಾರವಾರದಲ್ಲಿ ಅದೇ ಮಳೆಯಲ್ಲಿ ನಡೆದೇ ಇತ್ತು. 1638ರಲ್ಲಿ ಕೋರ್ಟೀನ್ ಸಂಘದವರು ಶುರುಮಾಡಿದ ಕೋಠಿ ಅದು. ವ್ಯಾಪಾರಿಯನ್ನು ಬಿಟ್ಟು ಸೈನಿಕನನ್ನೇ ಆರಿಸಿ ಕೊಲ್ಲುವ ಹವೆ ಎಲ್ಲೂ ಇರುವುದಿಲ್ಲ. ವ್ಯಾಪಾರಿಗೆ ಸೂರಿತ್ತು, ಅಡಿಗೆಮನೆಯಿತ್ತು, ಊರಿತ್ತು. ಸೈನಿಕನಿಗೆ ಕಾಯುವ ಆಜ್ಞೆಯೊಂದೇ ಇತ್ತು.

ಹವೆ ಕೊಂದಿತು ಎಂದರೆ ಯಾರೂ ಕೊಲ್ಲಲಿಲ್ಲ ಎಂದಂತೆ. ನಿರ್ಧಾರ ಮಾಡಿದವರ ಹೆಸರುಗಳೆಲ್ಲ ಮುಚ್ಚಿಹೋಗುತ್ತವೆ: ಷರತ್ತು ಹುಡುಕಿದ ವೈಸರಾಯ್, ಬಾಗಿಲು ಹಾಕಿದ ಕಂಪನಿ, ಹಡಗು ತಿರುಗಿಸಿದ ಅರ್ಲ್, ಬಳುವಳಿ ಎಣಿಸಿದ ದೊರೆ. ಅಪವಾದ ಮಾತ್ರ ನಮ್ಮ ಮಳೆಗೆ. ಈ ಉಪಾಯ ಹಳತಾಗಿಲ್ಲ. ಇವತ್ತೂ ಘಟ್ಟದ ರಸ್ತೆಯ ಮೇಲೆ ಗುಡ್ಡ ಕುಸಿದರೆ ‘ಭಾರೀ ಮಳೆ’ಯೇ ಆರೋಪಿ. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಮಣ್ಣಿನಡಿ, ಗಂಗಾವಳಿಯ ನೀರಿನಡಿ ಹೋದಾಗಲೂ ಮೊದಲು ಕೇಳಿದ ಹೆಸರು ಮಳೆಯದೇ. ಗುಡ್ಡವನ್ನು ಯಾರು, ಹೇಗೆ ಕಡಿದರು ಎಂಬ ಪ್ರಶ್ನೆ ಆಮೇಲೆ ಬಂತು. ಚರಿತ್ರೆಯನ್ನು ಸರಿಯಾಗಿ ಓದುವುದು ಅಭ್ಯಾಸವಾಗಿದ್ದರೆ ಆ ಪ್ರಶ್ನೆ ಮೊದಲೇ ಬರುತ್ತಿತ್ತು.

ಮೂರನೆಯದು ನನಗೆ ಹೆಚ್ಚು ನೋವು ಕೊಟ್ಟ ಮಾತು. ಒಂದು ವಿಚಾರಸಂಕಿರಣದಲ್ಲಿ ನಾನು ಈ ವಿಷಯ ಮಂಡಿಸಿದಾಗ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, “ಅಮ್ಮಾ, ಅಂಜುದೀವ ಗೋವಾಕ್ಕೆ ಸೇರಿದ್ದು. ನಿಮ್ಮ ಪ್ರಬಂಧ ಕರ್ನಾಟಕದ ಕರಾವಳಿಯ ಬಗ್ಗೆ ಅಲ್ಲವೇ?” ಎಂದರು. ಸಭೆ ತಲೆದೂಗಿತು. ಅವರು ಹೇಳಿದ್ದು ನಕ್ಷೆಯ ಮಟ್ಟಿಗೆ ಸರಿ. ದ್ವೀಪ ಇರುವುದು ಕಾರವಾರದ ಎದುರಿಗೆ, ಆಡಳಿತದಲ್ಲಿ ಗೋವಾದ ಕಾಣಕೋಣಕ್ಕೆ ಸೇರಿದ್ದು. ಆದರೆ ಚರಿತ್ರೆಯನ್ನು ತಾಲೂಕಿನ ಗಡಿಕಲ್ಲು ನೋಡಿ ಹಂಚಿಕೊಳ್ಳುವುದಾದರೆ ಕರಾವಳಿಗೆ ಚರಿತ್ರೆಯೇ ಉಳಿಯುವುದಿಲ್ಲ. ಕಡಲಿನಲ್ಲಿ ಗಡಿಕಲ್ಲು ನೆಟ್ಟವರು ಯಾರು?

ಅಂಕೋಲೆಯ ಆರ್ಯಾದುರ್ಗೆಯ ಕಡೆ ನೋಡಿ. ದೇವಿಯ ಮೂಲ ನೆಲೆ ಅಂಜುದೀವ, ಪೋರ್ಚುಗೀಸರ ಕಾಲದಲ್ಲಿ ಅವಳನ್ನು ಅಂಕೋಲೆಗೆ ತಂದರು ಎಂಬುದು ಭಕ್ತರ ನಂಬಿಕೆ. ದ್ವೀಪದ ಹೆಸರಿನಲ್ಲೇ ದುರ್ಗೆಯ ಹೆಸರನ್ನು ಹುಡುಕುವವರೂ ಇದ್ದಾರೆ. ದೇವಿ ದೋಣಿ ಹತ್ತಿ ಈ ದಡಕ್ಕೆ ಬಂದಳು ಎಂದು ನಂಬುವ ಜನರಿಗೆ ಆ ದ್ವೀಪ ಬೇರೆ ರಾಜ್ಯದ್ದು ಎಂದು ಹೇಳುವುದು ಹೇಗೆ?

ನಂಬಿಕೆ ಬೇಡ, ದಾಖಲೆ ಬೇಕು ಎನ್ನುವವರಿಗೆ 1665ರ ಫೆಬ್ರವರಿ ತಿಂಗಳೊಂದೇ ಸಾಕು. ಕುಕ್ ತನ್ನ ನೂರು ಜನರೊಂದಿಗೆ ಮುಂಬಯಿಯನ್ನು ಪಡೆದ ಅದೇ ತಿಂಗಳು, ಬಸರೂರನ್ನು ಲೂಟಿ ಮಾಡಿದ ಶಿವಾಜಿ ಗೋಕರ್ಣದಲ್ಲಿ ಸ್ನಾನ ಮುಗಿಸಿ, ಅಂಕೋಲೆಗೆ ಬಂದು, ಅಲ್ಲಿಂದ ಕಾರವಾರವನ್ನು ತಲುಪಿದ. ಕಾರವಾರದ ವರ್ತಕರು ಹಣ ಕೂಡಿಸಿ ಕೊಟ್ಟು ಊರನ್ನು ಉಳಿಸಿಕೊಂಡರು. ಅದರಲ್ಲಿ ಇಂಗ್ಲಿಷ್ ಕೋಠಿಯ ಪಾಲು 112 ಪೌಂಡ್. ಬಿಜಾಪುರ, ಬಿದನೂರು, ಗೋವೆ, ಸೂರತ್, ಮರಾಠರು, ಇಷ್ಟೂ ಶಕ್ತಿಗಳು ಮುಖಾಮುಖಿಯಾಗುತ್ತಿದ್ದ ಕಡಲು ಇದು. ಅಂಜುದೀವವನ್ನು ಇದರಿಂದ ಕತ್ತರಿಸಿ ತೆಗೆದರೆ ಉಳಿದದ್ದೂ ಅರ್ಥವಾಗುವುದಿಲ್ಲ.

ಇನ್ನೊಂದು ಎಳೆ ಇದೆ. ಅದನ್ನು ಯಾರೂ ಯಾಕೆ ಎಳೆದು ನೋಡಲಿಲ್ಲವೋ. 1862ರಲ್ಲಿ ಕೆನರಾದ ಉತ್ತರ ಭಾಗವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರ ಜಿಲ್ಲೆಯ ಮುಖ್ಯ ಊರಾಯಿತು. ಅಂದಿನಿಂದ ನಮ್ಮ ಅಜ್ಜಂದಿರ ಭೂಮಿಯ ಪಹಣಿ, ಕಾಡಿನ ಕಾನೂನು, ಶಾಲೆಯ ಪಠ್ಯ, ಉಪ್ಪಿನ ತೆರಿಗೆ ಎಲ್ಲವೂ ಮುಂಬಯಿಯ ಗವರ್ನರನ ಸರಕಾರದ ಕೈಯಲ್ಲಿ. 1883ರಲ್ಲಿ ರವೀಂದ್ರನಾಥ ಟ್ಯಾಗೋರರು ಕಾರವಾರಕ್ಕೆ ಬಂದು ಉಳಿದದ್ದಕ್ಕೂ ಕಾರಣ ಅವರ ಅಣ್ಣ ಸತ್ಯೇಂದ್ರನಾಥರು ಇದೇ ವ್ಯವಸ್ಥೆಯಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದದ್ದು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಅಂಕೋಲೆಯ ಜನ ಉಪ್ಪು ಎತ್ತಿದಾಗ ಮುರಿದದ್ದು ಅದೇ ಸರಕಾರದ ಕಾನೂನು. ಆಗಿನ ಗವರ್ನರ್ ಸರ್ ಫ್ರೆಡರಿಕ್ ಸೈಕ್ಸ್. ಕರನಿರಾಕರಣೆಗೆ ಇಳಿದ ಅಂಕೋಲೆಯ ರೈತರ ಗದ್ದೆಗಳನ್ನು ಜಪ್ತು ಮಾಡಿದ್ದೂ ಅವರದೇ ಆಡಳಿತ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿಯವರು.

ಸೈಕ್ಸ್ ಕುಳಿತಿದ್ದ ಕುರ್ಚಿಯ ಮೇಲೆ ಮೊದಲು ಹೆಸರು ಬರೆಸಿಕೊಂಡವನು ಶಿಪ್‌ಮನ್. ಆ ಕುರ್ಚಿಗಾಗಿ ಕಾಯುತ್ತ ಅವನು ಸತ್ತದ್ದು ನಾಡಕರ್ಣಿಯವರ ಅಂಕೋಲೆಯಿಂದ ಕೆಲವು ಹರದಾರಿ ದೂರದಲ್ಲಿ. 266 ವರ್ಷಗಳ ನಡುವೆ ಇರುವ ಈ ದಾರವನ್ನು ಹಿಡಿದರೆ ಉತ್ತರ ಕನ್ನಡದ ಸ್ವಾತಂತ್ರ್ಯ ಹೋರಾಟದ ಕಥೆಗೆ ಒಂದು ಆರಂಭ ಸಿಗುತ್ತದೆ. ನಾವು ಆ ಕಥೆಯನ್ನು ಯಾವಾಗಲೂ ಗಾಂಧೀಜಿಯ ದಂಡಿಯಿಂದ ಶುರುಮಾಡುತ್ತೇವೆ. ದಂಡಿಗೆ ಮೊದಲು ಇಲ್ಲಿ ಏನೂ ನಡೆದಿರಲಿಲ್ಲವೇ? ನಮ್ಮನ್ನು ಆಳಿದ ಸರಕಾರ ಎಲ್ಲಿಂದ ಬಂತು ಎಂದು ಕೇಳದೇ ಅದನ್ನು ಯಾಕೆ ಎದುರಿಸಿದೆವು ಎಂದು ಪೂರ್ತಿ ಹೇಳಲು ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಬರುತ್ತದೆಂದು ಗೊತ್ತು. ನಮ್ಮನ್ನು ಆಳಲು ಬಂದವನಿಗಾಗಿ, ಅವನ ಬಂದೂಕಿನವರಿಗಾಗಿ ಕನ್ನಡದ ಹುಡುಗಿಯೊಬ್ಬಳು ಯಾಕೆ ಮರುಗಬೇಕು? ಶಿಪ್‌ಮನ್‌ಗಾಗಿ ನಾನು ಮರುಗುತ್ತಿಲ್ಲ. ಅವನಿಗೆ ಪಟ್ಟಿಯಲ್ಲಿ ಜಾಗ ಸಿಕ್ಕಿದೆ, ‘ಸರ್’ ಎಂಬ ಬಿರುದು ಸಿಕ್ಕಿದೆ, ಉಯಿಲು ಬರೆಯುವಷ್ಟು ಹೊತ್ತೂ ಸಿಕ್ಕಿತ್ತು. ನಾನು ಕೇಳುತ್ತಿರುವುದು ಉಳಿದ ಮುನ್ನೂರು ಜನರ ಬಗ್ಗೆ. ಬದುಕಿ ಮುಂಬಯಿ ಸೇರಿದವರ ಲೆಕ್ಕವನ್ನು ಇತಿಹಾಸಕಾರರು ಎಷ್ಟು ಸಾರ್ಜೆಂಟ್, ಎಷ್ಟು ಡೋಲು ಬಾರಿಸುವವರು ಎಂಬಲ್ಲಿಯವರೆಗೆ ಕೊಡುತ್ತಾರೆ. ಸತ್ತವರು ಬರೀ ಒಂದು ಕಳೆಯುವ ಲೆಕ್ಕ. ನಾನೂರರಲ್ಲಿ ನೂರು ತೆಗೆದರೆ ಉಳಿಯುವ ಅಂಕಿ. ಬಡವರನ್ನು ಹೀಗೆ ಕಳೆಯುವ ಲೆಕ್ಕದಲ್ಲಿ ಇಡುವ ಚರಿತ್ರೆ ಅವರದ್ದಾದರೂ ತಪ್ಪೇ, ನಮ್ಮದಾದರೂ ತಪ್ಪೇ. ಗವರ್ನರರ ಜೀವನಚರಿತ್ರೆ ಎಂಬ ಪ್ರಕಾರದ ಮೇಲೆ ನನಗಿರುವ ಅಪನಂಬಿಕೆಯ ಮೂಲ ಇದು. ಒಬ್ಬನ ಹುಟ್ಟು, ಬಡ್ತಿ, ಸಾವು ಎಂಬ ಮೂರು ಗೂಟಗಳಿಗೆ ಇಡೀ ಕಡಲನ್ನು ಕಟ್ಟಲು ಹೋದರೆ ಹೀಗೆಯೇ ಆಗುವುದು.

ಆ ಲೆಕ್ಕ ಇವತ್ತಿಗೂ ನಿಂತಿಲ್ಲ. 1961ರ ನವೆಂಬರಿನಲ್ಲಿ ಅಂಜುದೀವದಿಂದ ಪೋರ್ಚುಗೀಸರು ‘ಸಾಬರಮತಿ’ ಹಡಗಿನ ಮೇಲೆ ಗುಂಡು ಹಾರಿಸಿದರು. ಆ ದಿನಗಳಲ್ಲೇ ಮೀನುಗಾರನೊಬ್ಬ ಅಲ್ಲಿಂದ ಬಂದ ಗುಂಡಿಗೆ ಸತ್ತ. ಡಿಸೆಂಬರ್ 18ರಂದು ನೌಕಾಪಡೆ ದ್ವೀಪಕ್ಕೆ ಇಳಿದಾಗ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು. ಅವರಿಗೆ ದ್ವೀಪದಲ್ಲಿ ಸ್ಮಾರಕವಿದೆ, ಇರಲೇಬೇಕು. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲಾ ತಾಲೂಕುಗಳ ಕಡಲಂಚಿನ ಹಳ್ಳಿಗಳ ಸಾವಿರಾರು ಕುಟುಂಬಗಳು ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. 2005ರ ಮೇ 31ರಂದು ಐಎನ್‌ಎಸ್ ಕದಂಬ ನೆಲೆ ಕಾರ್ಯಾರಂಭ ಮಾಡಿತು. ಅಂಜುದೀವ ಅದರ ಒಳಗೆ ಹೋಯಿತು. ಅಲೆತಡೆ ಗೋಡೆಯಿಂದ ಈಗ ದಡಕ್ಕೇ ಸೇರಿಕೊಂಡಿದೆ. ಹೆಸರಿನಲ್ಲಿ ಮಾತ್ರ ದ್ವೀಪ. ನೌಕಾನೆಲೆ ಬಂದಾಗ ಯಾರ್ಯಾರ ಮನೆ ಹೋಯಿತು ಎಂಬುದನ್ನೂ ನಾವು ಕಳೆಯುವ ಲೆಕ್ಕದಲ್ಲೇ ಇಟ್ಟಿದ್ದೇವೆ. ಪರಿಹಾರದ ಮೊತ್ತ ಕಡತದಲ್ಲಿದೆ. ಅರ್ಗಾದ ದಂಡೆಯಲ್ಲಿ ರಂಪಣಿ ಎಳೆದವರ ನೆನಪು ಯಾವ ಕಡತದಲ್ಲಿದೆ?

ದೇಶದ ಭದ್ರತೆಯ ಮಾತು ನನಗೆ ಅರ್ಥವಾಗುತ್ತದೆ. ಅಂಜುದೀವವನ್ನು ಪ್ರವಾಸಿ ತಾಣ ಮಾಡಿ, ಐಸ್‌ಕ್ರೀಂ ಅಂಗಡಿ ಇಡಿ ಎಂದು ನಾನು ಕೇಳುತ್ತಿಲ್ಲ. ನೌಕಾಪಡೆಯ ಬಗ್ಗೆ ನನ್ನ ದೂರೂ ಇಲ್ಲ. ಅವರು ತಮ್ಮ ಕೆಲಸ ಮಾಡುತ್ತಿದ್ದಾರೆ. ತಮ್ಮ ಕೆಲಸ ಮಾಡದವರು ನಾವು. ದ್ವೀಪಕ್ಕೆ ಕಾಲಿಡದೇ ಮಾಡಬಹುದಾದದ್ದು ಎಷ್ಟೋ ಇದೆ. ವಿಲಿಯಂ ಫಾಸ್ಟರ್ ಸಂಪಾದಿಸಿದ, ಭಾರತದ ಇಂಗ್ಲಿಷ್ ಕೋಠಿಗಳ ಪತ್ರಗಳ 13 ಸಂಪುಟಗಳು ನೂರು ವರ್ಷದ ಹಿಂದೆಯೇ ಅಚ್ಚಾಗಿವೆ. ಅವುಗಳಲ್ಲಿ ಕಾರವಾರದ, ಅಂಜುದೀವದ ಕಾಗದಗಳಿವೆ. ಅಷ್ಟನ್ನು ಆರಿಸಿ ಕನ್ನಡಕ್ಕೆ ತರಲು ಒಂದು ವಿಭಾಗಕ್ಕೆ ಎಷ್ಟು ವರ್ಷ ಬೇಕು? 1670ರ ದಶಕದಲ್ಲಿ ಕಾರವಾರದಲ್ಲಿದ್ದು ಗೋಕರ್ಣದ ಜಾತ್ರೆ ನೋಡಿ ಬರೆದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್‌ನ ಪುಟಗಳನ್ನು ನಮ್ಮ ಎಂ.ಎ. ವಿದ್ಯಾರ್ಥಿಗಳ ಕೈಗೆ ಯಾಕೆ ಕೊಡಬಾರದು? ಪೋರ್ಚುಗೀಸ್ ಓದಬಲ್ಲ ಒಬ್ಬ ಸಂಶೋಧಕನನ್ನಾದರೂ ತಯಾರು ಮಾಡಿ ಪಣಜಿಯ ಪತ್ರಾಗಾರಕ್ಕೆ ಕಳಿಸಲು ಆಗದೇ? ಕಾರವಾರದಿಂದ ಪಣಜಿ ರೈಲಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ.

ಕಾರವಾರದ ಕಡಲತೀರಕ್ಕೆ ಟ್ಯಾಗೋರರ ಹೆಸರಿದೆ, ಅಲ್ಲಿ ‘ಚಾಪೆಲ್’ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. ಟ್ಯಾಗೋರರನ್ನು ನೆನೆಯುವುದು ಒಳ್ಳೆಯದೇ. ಕವಿಯ ನೆನಪು ಯಾರಿಗೂ ಇರುಸುಮುರುಸು ಮಾಡುವುದಿಲ್ಲ. ಅದರ ಪಕ್ಕದಲ್ಲೇ ಒಂದು ಫಲಕ ಹಾಕಲಿ. ಅದರಲ್ಲಿ ಅಂಜುದೀವದ ನೀರು ಕುಡಿದು ಹೋದವರ, ಅಲ್ಲಿ ಸತ್ತವರ, ಅದರಿಂದಾಗಿ ಎದ್ದವರ ಹೆಸರುಗಳನ್ನು ಬರೆಯಲಿ. ಹೆಸರು ಸಿಗದಲ್ಲಿ ಸಂಖ್ಯೆ ಬರೆಯಲಿ. ಸಾವಿಗೆ ಕಾರಣ ಹವೆ ಎಂದು ಮಾತ್ರ ಬರೆಯುವುದು ಬೇಡ.

ಪಿಎಚ್‌ಡಿ ಮಾಡುವ ಗೆಳೆಯ ಗೆಳತಿಯರಿಗೆ ಕೊನೆಯದಾಗಿ ಒಂದು ಮಾತು. ನಿಮ್ಮ ಜಿಲ್ಲೆಯ ಎದುರಿಗೆ ನಿಂತ ಗುಡ್ಡ, ದ್ವೀಪ, ಕೋಟೆ ಯಾವುದೇ ಇರಲಿ, ಅದು ನಿಮ್ಮ ವಿಷಯದ ವ್ಯಾಪ್ತಿಗೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅವರು ತೋರಿಸುವ ನಕ್ಷೆಯ ಇಸವಿ ಕೇಳಿ. ಗೋವಾ–ಕರ್ನಾಟಕದ ನಡುವಿನ ಈಗಿನ ಗೆರೆಗೆ ಇನ್ನೂ ನೂರು ವರ್ಷವಾಗಿಲ್ಲ. ಅಂಜುದೀವದ ಚಿಲುಮೆಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ.